ಓವರ್‌ಹೆಡ್ ಟ್ಯಾಂಕೂ ಇಲಿಗೂಡೂ

ನಮ್ಮ ಮನೆಯ ಟ್ಯಾಂಕು ತುಂಬಿದ ಸುದ್ದಿ ನಮಗಿಂತ ಮೊದಲು ಎದುರುಮನೆಯವರಿಗೆ ಮುಟ್ಟುತ್ತದೆ. ನಮ್ಮ ರಸ್ತೆಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ. ಸಂಪಿನಿಂದ ನೀರು ಮೇಲೇರಿಸಲು ಮೋಟರ್ ಹಾಕುವುದು ನನ್ನ ಕೆಲಸ. ಆರಿಸುವುದೂ ನನ್ನದೇ. ಮೊದಲನೆಯದನ್ನು ನಾನು ಒಂದು ದಿನವೂ ತಪ್ಪಿಸಿದವನಲ್ಲ.

"ಸಾರ್, ನಿಮ್ ಟ್ಯಾಂಕು!" ಎಂದು ಎದುರುಮನೆಯವರು ಕೂಗುವ ಹೊತ್ತಿಗೆ ಅವರ ಕಾರು ಪುಕ್ಕಟೆ ತೊಳೆದು ಮುಗಿದಿರುತ್ತದೆ. ಮೊದಮೊದಲು ಸಿಟ್ಟಿನಿಂದ ಕೂಗುತ್ತಿದ್ದರು. ಈಚೆಗೆ ಕಾರು ನೆನೆಯುವವರೆಗೆ ಕಾದು ಕೂಗುತ್ತಾರೆ ಎಂಬ ಗುಮಾನಿ ನನಗೆ.

"ಏನ್ರೀ, ಪ್ಲಂಬರ್‌ಗೆ ಹೇಳಿ ಒಂದು ಫ್ಲೋಟ್ ಸ್ವಿಚ್ ಹಾಕಿಸಿಬಿಡಿ. ಬೀದಿಯವರೆಲ್ಲ ಹಾಕಿಸ್ಕೊಂಡಿದಾರೆ" ಅಂದಳು ನಮ್ಮನೆಯವಳು.

ಈ ಮಾತನ್ನು ಆಕೆ ಬೇರೆ ಯಾರ ಗಂಡನಿಗಾದರೂ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಎಲೆಕ್ಟ್ರಾನಿಕ್ಸ್ ಬಿ.ಇ. ಓದಿದವನು. ಓದಿ ಮೂವತ್ತು ವರ್ಷದ ಮೇಲಾಯಿತು, ಆಮೇಲಿನ ಸರ್ವೀಸೆಲ್ಲ ಟಿಪ್ಪಣಿ ಬರೆದು ಕಡತ ಮೇಲಕ್ಕೆ ಕಳಿಸುವುದರಲ್ಲೇ ಸವೆಯಿತು ಎಂಬುದು ಬೇರೆ ಮಾತು. ಪದವಿ ಪದವಿಯೇ. ಪ್ಲಂಬರ್ ಬಂದು ನನ್ನ ಟ್ಯಾಂಕಿಗೆ ಆಟೊಮೇಷನ್ ಮಾಡುವುದೇ?

"ನಾನೇ ಒಂದು ಸರ್ಕ್ಯೂಟ್ ಮಾಡ್ತೀನಿ" ಅಂದೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹಿಂದೊಮ್ಮೆ ನಾನು ಮಿಕ್ಸಿ ರಿಪೇರಿ ಮಾಡಿದ್ದನ್ನು ಆಕೆ ಇನ್ನೂ ಮರೆತಿಲ್ಲ.

ಸರ್ಕ್ಯೂಟೇನೋ ಸುಲಭದ್ದೇ. 555 ಎಂಬ ಎಂಟು ಕಾಲಿನ ಐಸಿ, ಒಂದು ಬಿಸಿ 547 ಟ್ರಾನ್ಸಿಸ್ಟರ್, ಒಂದು ಶುಗರ್ ಕ್ಯೂಬ್ ರಿಲೇ, ಒಂದು ಡಯೋಡು, ಮೂರು ನಾಲ್ಕು ರೆಸಿಸ್ಟರು. ಟ್ಯಾಂಕಿನ ತಳದಲ್ಲೊಂದು, ಬಾಯಿ ಹತ್ತಿರ ಒಂದು ತಂತಿ ಇಳಿಬಿಟ್ಟರೆ ಕೆಳಗಿನದು ಒಣಗಿದಾಗ ಮೋಟರ್ ಹತ್ತಬೇಕು, ಮೇಲಿನದು ನೆನೆದಾಗ ಆರಬೇಕು. 1971ರಲ್ಲಿ ಹಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಮಹಾನುಭಾವ ರೂಪಿಸಿದ ಆ 555 ಇಂತಹ ಚಾಕರಿಗೆಂದೇ ಹುಟ್ಟಿದಂತಿದೆ. ನಮ್ಮ ಕಾಲೇಜಿನಲ್ಲಿ ತೂತಿನ ಬೋರ್ಡಿನ ಮೇಲೆ ಇಂಥವನ್ನು ತಂತಿ ಎಳೆದು ಬೆಸುಗೆ ಹಾಕುತ್ತಿದ್ದೆವು. ಅದು ಜೇಡರ ಬಲೆಯ ಹಾಗೆ ಕಾಣುತ್ತಿತ್ತು, ಜೇಡನಷ್ಟು ಅಚ್ಚುಕಟ್ಟಿರಲಿಲ್ಲ ಅಷ್ಟೆ. ಈಗ ಕಾಲ ಬದಲಾಗಿದೆಯಲ್ಲ, ಸರಿಯಾದ ಪಿಸಿಬಿಯನ್ನೇ ಡಿಸೈನ್ ಮಾಡೋಣ ಎಂದು ಹೊರಟೆ.

ಈ ಕೆಲಸಕ್ಕೆ ಕಂಪನಿಗಳು ಬಳಸುವ ತಂತ್ರಾಂಶಗಳ ಬೆಲೆ ಕೇಳಿದರೆ ಅದರಲ್ಲಿ ಮಗಳ ಒಂದು ವರ್ಷದ ಫೀಸು ಕಟ್ಟಬಹುದು. ಬಾಡಿಗೆ ಲೆಕ್ಕದಲ್ಲಿ ಸಿಗುವುದಂತೂ ಒಡೆಯನ ಮರ್ಜಿ. ಹವ್ಯಾಸಿಗಳೆಲ್ಲ ನೆಚ್ಚಿಕೊಂಡಿದ್ದ ಈಗಲ್ ಎಂಬ ಹೆಸರಾಂತ ತಂತ್ರಾಂಶವನ್ನು 2026ರ ಜೂನ್‌ಗೆ ನಿಲ್ಲಿಸುತ್ತೇವೆಂದು ಅದರ ಒಡೆಯರು 2023ರಲ್ಲೇ ಸಾರಿಬಿಟ್ಟರು. ಉಳಿದದ್ದು ಕೀಕ್ಯಾಡ್. ಪೂರ್ತಿ ಉಚಿತ, ಪೂರ್ತಿ ಮುಕ್ತ. ಪುಗಸಟ್ಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನುವ ಜಾತಿ ನನ್ನದು. ಕಚೇರಿಯ ಲ್ಯಾಪ್‌ಟಾಪಿಗೊಂದು, ಮನೆಯ ಕಂಪ್ಯೂಟರಿಗೊಂದು ಇಳಿಸಿಕೊಂಡೆ. ಒಂದು ಜಿಬಿಗೂ ಮಿಕ್ಕಿದ ಗಾತ್ರ. ಅದು ಇಳಿಯುವಷ್ಟು ಹೊತ್ತು ಅಮ್ಮನ ಮೊಬೈಲಿನ ಸೀರಿಯಲ್ಲು ನಿಂತು, ಅತ್ತೆ ಎತ್ತಿದ ಕೈ ಸೊಸೆಯ ಕೆನ್ನೆಗೆ ತಲುಪದೆ ಗಾಳಿಯಲ್ಲೇ ಉಳಿಯಿತು.

"ಏನೋ ಅದು ಹೆಸರು?" ಅಂದರು ಅಮ್ಮ.

"ಕೀ-ಕ್ಯಾಡ್ ಅಮ್ಮಾ."

"ಹೆಸರಲ್ಲೇ ಕಾಡೋದಿದೆ" ಅಂದಳು ಒಳಗಿನಿಂದ ನಮ್ಮನೆಯವಳು.

ಕಾಡುವ ಈ ಪ್ರಾಣಿಯನ್ನು 1992ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜ್ಯಾನ್-ಪಿಯರ್ ಶರಾಸ್ ಎಂಬ ಮೇಷ್ಟ್ರು ಶುರುಮಾಡಿದರು. ನಾನು ಅದೇ ಕಾಲದಲ್ಲಿ ಎಲೆಕ್ಟ್ರಾನಿಕ್ಸ್ ಮರೆಯಲು ಶುರುಮಾಡಿದೆ. ಇಬ್ಬರೂ ಶ್ರದ್ಧೆಯಿಂದ ಮುಂದುವರಿದೆವು. 2013ರ ಹೊತ್ತಿಗೆ ಜಿನೀವಾದ ಸರ್ನ್ ಸಂಸ್ಥೆಯವರು ಅದಕ್ಕೆ ಕೈಜೋಡಿಸಿದರು. 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸಿ ಬ್ರಹ್ಮಾಂಡದ ಗುಟ್ಟು ಹುಡುಕುತ್ತಾರಲ್ಲ, ಅವರೇ. 2019ರಲ್ಲಿ ಅದು ಲಿನಕ್ಸ್ ಫೌಂಡೇಶನ್ನಿನ ನೆರಳಿಗೆ ಬಂತು. ನಮ್ಮ ಮುಂಬಯಿ ಐಐಟಿಯ ಫಾಸೀ ಬಳಗದವರು ಕಾಲೇಜು ಹುಡುಗರಿಗಾಗಿ ಕಟ್ಟಿದ ಈಸಿಮ್ ಕೂಡ ಇದನ್ನೇ ಒಡಲಲ್ಲಿಟ್ಟುಕೊಂಡಿದೆ. ಬ್ರಹ್ಮಾಂಡಕ್ಕೆ ಸಾಕಾದದ್ದು ನಮ್ಮ ಸಾವಿರ ಲೀಟರ್ ಟ್ಯಾಂಕಿಗೆ ಸಾಲದೆ?

ಇದರ ಮೂಲ ಕೋಡು ಕೂಡ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಮಠದ ದಾಸೋಹ ಇದ್ದ ಹಾಗೆ: ಊಟ ಬಿಟ್ಟಿ, ಸಾರಿಗೆ ಉಪ್ಪು ಕಮ್ಮಿಯಾದರೆ ಒಳಗೆ ಹೋಗಿ ಹಾಕಿ ಬರಲು ಅಡ್ಡಿಯಿಲ್ಲ. ಕೊಪ್ಪರಿಗೆ ಎಲ್ಲಿದೆ ಎಂದು ಗೊತ್ತಿರಬೇಕು ಅಷ್ಟೆ. ಇಲ್ಲದವನು ತೆಪ್ಪಗೆ ಉಂಡು ಎಲೆ ಎತ್ತಬೇಕು.

ಮೊದಲ ಹಂತ ನಕ್ಷೆ ಬಿಡಿಸುವುದು. 'ಎ' ಒತ್ತಿದರೆ ಬಿಡಿಭಾಗ ಬರುತ್ತದೆ, 'ಡಬ್ಲ್ಯೂ' ಒತ್ತಿದರೆ ತಂತಿ. ಒಂದೇ ಭಾನುವಾರದಲ್ಲಿ ಮುಗಿಸಿ, ತಪ್ಪಿದ್ದರೆ ಹೇಳಪ್ಪ ಎಂದು ತಪಾಸಣೆಯ ಗುಂಡಿ ಒತ್ತಿದೆ. ಹೇಳಿತು. ಕರೆಂಟು ತೆಗೆದುಕೊಳ್ಳುವ ಕಾಲಿದೆ, ಕೊಡುವವರು ಯಾರೂ ಕಾಣುತ್ತಿಲ್ಲ ಎಂಬುದು ಅದರ ತಕರಾರು. ಅರೆ, 12 ವೋಲ್ಟಿನ ಅಡಾಪ್ಟರಿಗೆಂದು ಕನೆಕ್ಟರ್ ಇಟ್ಟಿದ್ದೇನಲ್ಲ! ಬದಲಾಯಿಸಿದೆ, ಅಳಿಸಿದೆ, ಮತ್ತೆ ಬರೆದೆ. ಅದೇ ರಾಗ. ಎರಡು ಸಂಜೆ ಹೋದವು. ಕೊನೆಗೆ ತಿಳಿದದ್ದೇನೆಂದರೆ, ಕನೆಕ್ಟರೊಂದು ಕಂಡರೆ ಅದರಲ್ಲಿ ಕರೆಂಟು ಬರುತ್ತದೋ ಹೋಗುತ್ತದೋ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. 'ಪವರ್ ಫ್ಲ್ಯಾಗ್' ಎಂಬ ಪುಟ್ಟ ಬಾವುಟವನ್ನು ಆ ತಂತಿಗೆ ಸಿಕ್ಕಿಸಿ, 'ಇಲ್ಲಿ ಕರೆಂಟ್ ಇದೆ, ನನ್ನ ಮಾತು ನಂಬು' ಎಂದು ನಾವೇ ಜಾಮೀನು ನಿಲ್ಲಬೇಕು. ಬಾವುಟ ಹಾರಿಸಿದ ಕೂಡಲೇ ತಕರಾರು ಮಾಯ. ಅದೇ ಕ್ಷಣಕ್ಕೆ ಮನೆಯ ಕರೆಂಟು ಹೋಯಿತು. ಅದಕ್ಕೆ ಸಿಕ್ಕಿಸುವ ಬಾವುಟ ಇನ್ನೂ ಬಂದಿಲ್ಲ.

ಆಮೇಲೆ ಫುಟ್‌ಪ್ರಿಂಟು. ಪ್ರತಿ ಬಿಡಿಭಾಗವೂ ಬೋರ್ಡಿನ ಮೇಲೆ ಊರುವ ಕಾಲುಗಳ ಗುರುತು ಅದು. "ಇವತ್ತು ಎಲ್ಲಾ ಹೆಜ್ಜೆ ಗುರುತು ಕೂಡಿಸಬೇಕು" ಎಂದು ನಾನು ಗೊಣಗಿದ್ದನ್ನು ಕೇಳಿ ಅಮ್ಮ, "ಗೋಕುಲಾಷ್ಟಮಿ ಹೋದ ತಿಂಗಳೇ ಆಯ್ತಲ್ಲೋ" ಅಂದರು. ಇದರ ಭಂಡಾರದಲ್ಲಿ ಸಾವಿರಾರು ಹೆಜ್ಜೆಗಳಿವೆ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ "ಒನ್ ಕೆ, ಕ್ವಾರ್ಟರ್ ವ್ಯಾಟು, ಹತ್ತು ಕೊಡಿ" ಅಂದರೆ ಹುಡುಗ ತಲೆ ಎತ್ತದೆ ಪೊಟ್ಟಣ ಕಟ್ಟುತ್ತಾನೆ. ಅದೇ ಬಡ ರೆಸಿಸ್ಟರಿಗೆ ಇಲ್ಲಿ 'ಆರ್ ಆಕ್ಸಿಯಲ್ ಡಿನ್ 0207 ಎಲ್ 6.3 ಎಂಎಂ ಡಿ 2.5 ಎಂಎಂ ಪಿ 10.16 ಎಂಎಂ ಹಾರಿಜಾಂಟಲ್' ಎಂಬ ನಾಮಧೇಯ. ಉಪನಯನದಲ್ಲಿ ನನಗೆ ಬಾಯಿಪಾಠ ಮಾಡಿಸಿದ ಪ್ರವರವೇ ಇದಕ್ಕಿಂತ ಚಿಕ್ಕದು.

ಟ್ರಾನ್ಸಿಸ್ಟರಿನ ಸರದಿ ಬಂದಾಗ ಇನ್ನೊಂದು ವಿಚಿತ್ರ ಕಂಡಿತು. ಟ್ರಾನ್ಸಿಸ್ಟರಿಗೆ ಇರುವುದು ಮೂರೇ ಕಾಲು: ಎಮಿಟರ್, ಬೇಸ್, ಕಲೆಕ್ಟರ್. ಯಾವ ಕಾಲು ಯಾವ ಕಡೆ ಎಂಬುದು ಒಂದೊಂದು ನಂಬರಿಗೆ ಒಂದೊಂದು ತರಹ. ಹಾಗಾಗಿ ಇ-ಬಿ-ಸಿ, ಸಿ-ಬಿ-ಇ, ಬಿ-ಸಿ-ಇ ಎಂದು ಅಕ್ಷರ ತಿರುವಿಹಾಕಿ ಬೇರೆ ಬೇರೆ ಚಿಹ್ನೆ ಇಟ್ಟಿದ್ದಾರೆ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಸದಾ "ಎಮಿಟರ್, ಬೇಸ್, ಕಲೆಕ್ಟರ್" ಅನ್ನುತ್ತಿದ್ದರು. ಗುರುಭಕ್ತಿಯಿಂದ ಇ-ಬಿ-ಸಿ ಆರಿಸಿದೆ. ಈ ಗುರುಭಕ್ತಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ನಕ್ಷೆಯನ್ನು ಬೋರ್ಡಿಗೆ ಇಳಿಸಿದ ಕೂಡಲೇ ಬಿಡಿಭಾಗಗಳೆಲ್ಲ ಒಂದೆಡೆ ರಾಶಿ ಬಿದ್ದು, ಯಾವುದರಿಂದ ಯಾವುದಕ್ಕೆ ಸಂಬಂಧ ಎಂದು ತೋರಿಸುವ ಸಣ್ಣ ಸಣ್ಣ ಗೆರೆಗಳು ಅಡ್ಡಾದಿಡ್ಡಿ ಹರಡಿಕೊಂಡವು. ಇದಕ್ಕೆ ಇಂಗ್ಲಿಷಿನವರು 'ರ‍್ಯಾಟ್ಸ್‌ನೆಸ್ಟ್' ಅನ್ನುತ್ತಾರೆ, ಇಲಿಗೂಡು. ಅಂದು ರಾತ್ರಿ ಹನ್ನೊಂದಕ್ಕೆ ನಾನು ಮಗಳಿಗೆ, "ಇಲಿಗೂಡು ಇನ್ನೂ ಅರ್ಧ ಉಳಿದಿದೆ ಕಣೇ, ನಾಳೆ ಬಿಡಿಸ್ತೀನಿ" ಅಂದದ್ದು ಅಡುಗೆಮನೆಗೆ ಕೇಳಿಸಿತು. ಬೆಳಗ್ಗೆ ಎದ್ದರೆ ಕಂಪ್ಯೂಟರ್ ಮೇಜಿನ ಕೆಳಗೆ ಇಲಿಬೋನು, ಅದರೊಳಗೆ ಕೊಬ್ಬರಿ ಚೂರು. ನನ್ನ ಕಾಲ್ಬೆರಳು ಅದರಲ್ಲಿ ಸಿಕ್ಕಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ.

"ಅಪ್ಪಾ, ಈ ಗೆರೆ ಎಲ್ಲಾ ತಾನೇ ಎಳೆಯೋ ಬಟನ್ ಇಲ್ವಾ?" ಅಂದಳು ಮಗಳು. ಇಲ್ಲ. ಕೀಕ್ಯಾಡಿನ ಒಳಗೆ ಅಂತಹ ಸೌಕರ್ಯ ಇಲ್ಲ. ಫ್ರೀರೌಟಿಂಗ್ ಎಂಬ ಬೇರೊಂದು ಉಚಿತ ತಂತ್ರಾಂಶಕ್ಕೆ ಕಡತ ಕಳಿಸಿ, ಅದು ಗೆರೆ ಎಳೆದುಕೊಟ್ಟ ಮೇಲೆ ವಾಪಸು ತರಿಸಿಕೊಳ್ಳಬೇಕು. ನಮ್ಮ ಕಚೇರಿಯಲ್ಲಿ ಕಡತ ಆರ್ಥಿಕ ಇಲಾಖೆಗೆ ಹೋಗಿ ಬರುವ ಹಾಗೆ. ಬಂದದ್ದನ್ನು ನೋಡಿದೆ. ಎರಡು ಇಂಚು ದೂರದ ಕಾಲಿಗೆ ಗೆರೆ ಇಡೀ ಬೋರ್ಡು ಪ್ರದಕ್ಷಿಣೆ ಹಾಕಿ ಬಂದಿತ್ತು. ಬೇಡವೆಂದು ಕೈಯಲ್ಲೇ ಎಳೆಯಲು ಕೂತೆ.

ಕೈಯಲ್ಲಿ ಎಳೆಯುವುದಕ್ಕೆ ಮಾತ್ರ ಇದರ ಸಮ ಇಲ್ಲ. ಸರ್ನಿನವರು ಕೊಟ್ಟ ವರ ಅದು. ನೀವು ಒಂದು ಗೆರೆ ಹಿಡಿದು ನುಗ್ಗಿದರೆ ದಾರಿಯಲ್ಲಿರುವ ಹಳೆಯ ಗೆರೆಗಳು ತಾವಾಗಿ ಅತ್ತಿತ್ತ ಸರಿದು ಜಾಗ ಬಿಡುತ್ತವೆ. ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರು "ಸ್ವಲ್ಪ ಒಳಗೆ ನಡೀರಿ, ಒಳಗೆ ನಡೀರಿ" ಅಂದಾಗ ಆಗುವಂಥದ್ದೇ, ಯಾರೂ ಗುರ್ರೆನ್ನುವುದಿಲ್ಲ ಎಂಬುದೊಂದೇ ವ್ಯತ್ಯಾಸ. ನಾನು ಒಂದು ಗಂಟೆ ಕಾಲ ಕೆಲಸವಿಲ್ಲದೆ ಗೆರೆಗಳನ್ನು ಸುಮ್ಮನೆ ನೂಕಾಡಿಸಿ ಸುಖಪಟ್ಟೆ. ಮನೆಯಲ್ಲಿ ನಾನು ಹೇಳಿದ್ದಕ್ಕೆ ಸರಿದು ನಿಂತದ್ದು ಇದೇ ಮೊದಲು.

ತೊಡಕು ಬೇರೆ ಕಡೆ ಇತ್ತು. ಕೀಕ್ಯಾಡಿನಲ್ಲಿ 32 ತಾಮ್ರದ ಪದರಗಳವರೆಗೆ ಬೋರ್ಡು ಕಟ್ಟಬಹುದು. ನಾನು ಮನೆಯಲ್ಲೇ ಆಸಿಡ್ಡಿನಲ್ಲಿ ಅದ್ದಿ ಮಾಡುವವನಾದ್ದರಿಂದ ನನಗೆ ಒಂದೇ ಪದರ. 32 ಅಂತಸ್ತಿಗೆ ಲೈಸೆನ್ಸ್ ತೆಗೆದುಕೊಂಡು ದನದ ಕೊಟ್ಟಿಗೆ ಕಟ್ಟಿದ ಹಾಗೆ. ಒಂದೇ ಪದರ ಅಂದರೆ ಗೆರೆ ಮೇಲೆ ಗೆರೆ ಹಾಯುವಂತಿಲ್ಲ, ಹಾಯ್ದರೆ ಶಾರ್ಟು. ಏನು ತಿಪ್ಪರಲಾಗ ಹಾಕಿದರೂ ಮೂರು ಕಡೆ ಗೆರೆ ದಾಟುತ್ತಿತ್ತು. ಅಲ್ಲೆಲ್ಲ ಮೇಲಿನಿಂದ ತುಂಡು ತಂತಿಯ ಸೇತುವೆ ಹಾಕಬೇಕು, ಅದು ನೋಡಲು ಚಂದವಲ್ಲ. ನಾಲ್ಕು ದಿನ ಕೂತೆ. ಬಿಡಿಭಾಗ ಹತ್ತಿರ ತಂದರೆ 'ಅಂಗಳದೊಳಗೆ ಅಂಗಳ ನುಗ್ಗಿದೆ' ಎಂಬ ದೂರು. ಪ್ರತಿ ಭಾಗಕ್ಕೂ ಸುತ್ತ ಕೋರ್ಟ್‌ಯಾರ್ಡ್ ಎಂಬ ಹದ್ದುಬಸ್ತು ಇರುತ್ತದೆ. ನಮ್ಮ ಪಕ್ಕದ ಸೈಟಿನವರು ಕಾಂಪೌಂಡು ಅರ್ಧ ಅಡಿ ಒತ್ತಿದ್ದನ್ನು ಇಷ್ಟೇ ಚುರುಕಾಗಿ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಐದನೆಯ ದಿನ ಅಮ್ಮ ಕಾಫಿ ಲೋಟ ಹಿಡಿದು ಬಂದವರು ಹಿಂದೆ ನಿಂತು ನೋಡಿದರು.

"ಇದೇನು, ರಂಗೋಲಿನಾ?"

"ಅಲ್ಲಮ್ಮಾ, ಸರ್ಕ್ಯೂಟು."

"ಚುಕ್ಕಿ ಇದೆ, ಗೆರೆ ಇದೆ. ಏನು ಕಷ್ಟ?"

"ಇದರಿಂದ ಇದಕ್ಕೆ ಹೋಗಬೇಕು, ಅದರಿಂದ ಅದಕ್ಕೆ. ಆದರೆ ಒಂದು ಗೆರೆ ಇನ್ನೊಂದನ್ನ ದಾಟಬಾರದು."

ಅಮ್ಮ ಕನ್ನಡಕ ಸರಿಮಾಡಿಕೊಂಡರು. ಅರುವತ್ತು ವರ್ಷ ದಿನಾ ಬೆಳಗ್ಗೆ ಹೊಸಿಲ ಮುಂದೆ ಚುಕ್ಕಿ ಇಟ್ಟ ಕೈ ಅವರದ್ದು. "ಆ ಎಂಟು ಕಾಲಿಂದು ತಲೆಕೆಳಗೆ ಮಾಡು" ಅಂದರು. 'ಆರ್' ಒತ್ತಿ 555ನ್ನು ಎರಡು ಸಲ ತಿರುಗಿಸಿದೆ. "ಈ ಉದ್ದದ್ದನ್ನ ಅದರ ಹೊಟ್ಟೆ ಕೆಳಗಿಂದ ತಗೊಂಡ್ಹೋಗು." ಐಸಿಯ ಎರಡು ಸಾಲು ಕಾಲುಗಳ ನಡುವೆ ಗದ್ದೆಯಷ್ಟು ಬಯಲಿದೆ ಎಂಬುದು ಎಲೆಕ್ಟ್ರಾನಿಕ್ಸ್ ಪದವೀಧರನಿಗೆ ಹೊಳೆದಿರಲಿಲ್ಲ. "ಇದು ಕೊನೇದು, ಅಂಚಿನ ಸುತ್ತ ಬಳಸಿ ತಾ." ತಂದೆ. ದಾಟುವ ಗೆರೆ ಒಂದೂ ಉಳಿಯಲಿಲ್ಲ. ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.

"ಇಷ್ಟಕ್ಕೆ ಕಂಪ್ಯೂಟರ್ ಬೇಕಿತ್ತಾ?" ಎಂದು ಅಮ್ಮ ಸೀರಿಯಲ್ಲಿಗೆ ಹಿಂದಿರುಗಿದರು. ಉಚಿತ ತಂತ್ರಾಂಶದಲ್ಲಿ ಆಟೊರೌಟರ್ ಇಲ್ಲ ಎಂದು ದೂರುವವರು ಮನೆಯ ಹಿರಿಯರನ್ನು ಒಮ್ಮೆ ವಿಚಾರಿಸುವುದು ಒಳ್ಳೆಯದು.

ತಪಾಸಣೆ ಮಾಡಿದೆ: ತಪ್ಪು ಸೊನ್ನೆ, ಎಚ್ಚರಿಕೆ ಸೊನ್ನೆ. ನನ್ನ ಜೀವನದಲ್ಲಿ ಇಷ್ಟು ಸೊನ್ನೆಗೆ ಇಷ್ಟು ಹಿಗ್ಗಿದ್ದು ಇದೇ ಮೊದಲು. ಜೊತೆಗೇ ಬರುವ ಎನ್‌ಜಿಸ್ಪೈಸ್ ಎಂಬ ಸಿಮ್ಯುಲೇಟರಿನಲ್ಲಿ ಸರ್ಕ್ಯೂಟನ್ನು ಓಡಿಸಿಯೂ ನೋಡಿದೆ. ನೀರಿನ ಬದಲು ಒಂದು ರೆಸಿಸ್ಟರ್ ಇಟ್ಟು, ಟ್ರಾನ್ಸಿಸ್ಟರಿಗೆ ಅದರ ಗಣಿತದ ಮಾದರಿ ಕೊಟ್ಟದ್ದಾಯಿತು. ಪರದೆಯ ಮೇಲೆ ಟ್ಯಾಂಕು ತುಂಬಿತು, ಮೋಟರ್ ಆರಿತು. ಗಣಿತದ ಟ್ರಾನ್ಸಿಸ್ಟರಿಗೆ ಎಡಗಾಲು ಬಲಗಾಲೆಂಬ ಭೇದವಿಲ್ಲ. ಅದೂ ಆಮೇಲೆ ತಿಳಿದದ್ದೇ. 3ಡಿ ನೋಟ ತೆರೆದು, ಹಸಿರು ಬೋರ್ಡಿನ ಮೇಲೆ ರಿಲೇ ಕೂತು ಗಿರಗಿರನೆ ತಿರುಗುವುದನ್ನು ನಮ್ಮನೆಯವಳಿಗೆ ತೋರಿಸಿದೆ.

"ಚೆನ್ನಾಗಿದೆ ರೀ. ನೀರು ಯಾವಾಗ ನಿಲ್ಲತ್ತೆ?"

ಈ ಸಂಭ್ರಮದಲ್ಲಿ ಬೋರ್ಡಿನ ಮೂಲೆಗೆ ತಾಮ್ರದಲ್ಲೇ 'ಶ್ರೀ' ಎಂದು ಬರೆದೆ. ಪತ್ರವಾಗಲಿ ಪಂಚಾಂಗವಾಗಲಿ ಶ್ರೀಕಾರವಿಲ್ಲದೆ ನಮ್ಮಲ್ಲಿ ಏನು ಶುರುವಾದೀತು? 7ನೇ ಆವೃತ್ತಿಯಿಂದ ಕಂಪ್ಯೂಟರಿನಲ್ಲಿರುವ ಫಾಂಟುಗಳನ್ನು ಬಳಸಲು ಕೀಕ್ಯಾಡ್ ಬಿಡುತ್ತದೆ, ಒತ್ತಕ್ಷರವೂ ಸರಿಯಾಗಿ ಮೂಡಿತು. ಸರ್ಕಾರಿ ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರ ಪಡುವ ಪಾಡು ಕಂಡವನಿಗೆ ಕಣ್ಣು ಒದ್ದೆಯಾಗದಿರುತ್ತದೆಯೇ? ಅದನ್ನು ಕಚೇರಿಯಲ್ಲಿ ಮಿತ್ರರಿಗೆ ತೋರಿಸಲು ಹೋದರೆ ಮಾತ್ರ ಮರ್ಯಾದೆ ಹೋಯಿತು. ಮನೆಯದ್ದನ್ನು ಆಮೇಲೆ 9ಕ್ಕೆ ಏರಿಸಿದ್ದೆ, ಕಚೇರಿಯ ಲ್ಯಾಪ್‌ಟಾಪಿನಲ್ಲಿ ಹಳೆಯದೇ ಉಳಿದಿತ್ತು. ಹಳೆಯದರ ಕಡತ ಹೊಸದು ತೆರೆಯುತ್ತದೆ, ಹೊಸದರ ಕಡತ ಹಳೆಯದು ತೆರೆಯುವುದಿಲ್ಲ. ಮಕ್ಕಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಅವರ ಮಾತು ನಮಗಾಗುವುದಿಲ್ಲವಲ್ಲ, ಹಾಗೆ.

ಇನ್ನು ತಯಾರಿಕೆ. ವಿಧಾನ ಹೀಗೆ: ಬೋರ್ಡಿನ ಚಿತ್ರವನ್ನು ನುಣುಪು ಹಾಳೆಯ ಮೇಲೆ ಲೇಸರ್ ಪ್ರಿಂಟ್ ತೆಗೆಯುವುದು, ತಾಮ್ರದ ಹಲಗೆಯ ಮೇಲೆ ಕವುಚಿ ಹಾಕಿ ಇಸ್ತ್ರಿ ಪೆಟ್ಟಿಗೆಯಿಂದ ಉಜ್ಜುವುದು, ಮಸಿ ತಾಮ್ರಕ್ಕೆ ಅಂಟಿದ ಮೇಲೆ ಫೆರಿಕ್ ಕ್ಲೋರೈಡಿನಲ್ಲಿ ಅದ್ದುವುದು. ಮಸಿ ಇಲ್ಲದ ಕಡೆ ತಾಮ್ರ ಕರಗಿ ಗೆರೆ ಉಳಿಯುತ್ತದೆ. ನುಣುಪು ಹಾಳೆಗೆಂದು ಮನೆಯಲ್ಲಿದ್ದ ದೀಪಾವಳಿ ವಿಶೇಷಾಂಕದ ಜಾಹೀರಾತಿನ ಪುಟ ಹರಿದೆ. ಅದರ ಹಿಂಬದಿಯಲ್ಲಿ ಎಂಟು ಬಗೆಯ ಕೋಡುಬಳೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ಜೆರಾಕ್ಸ್ ಅಂಗಡಿಯವನನ್ನು ಒಪ್ಪಿಸಿ ಪ್ರಿಂಟ್ ತೆಗೆಸಿದರೆ 'ಶ್ರೀ' ಹಿಂದುಮುಂದಾಗಿ ಬಂದಿತ್ತು. ಛೆ, ತಂತ್ರಾಂಶ ತಪ್ಪಿತಲ್ಲ ಎಂದು ಮನೆಗೆ ಓಡಿ, 'ಮಿರರ್' ಎಂಬಲ್ಲಿ ಟಿಕ್ ಹಾಕಿ, ಇನ್ನೊಂದು ಪುಟ ಹರಿದು (ಹೋಳಿಗೆ) ಮತ್ತೆ ಪ್ರಿಂಟ್ ಮಾಡಿಸಿದೆ. ಈಗ ಹಾಳೆಯ ಮೇಲೆ ಮುದ್ದಾದ 'ಶ್ರೀ'.

ಹಾಳೆಯನ್ನು ಕವುಚಿ ಹಾಕಿದಾಗ ಅದು ಮತ್ತೆ ತಿರುಗುತ್ತದೆ ಎಂಬುದನ್ನು ಯೋಚಿಸಿದ್ದು ತಾಮ್ರ ಕರಗಿದ ಮೇಲೆ. ತಿರುಗಿದ್ದು ಶ್ರೀಕಾರವೊಂದೇ ಆಗಿದ್ದರೆ ದೇವರ ಕ್ಷಮೆ ಕೇಳಬಹುದಿತ್ತು. ಇಡೀ ಸರ್ಕ್ಯೂಟು ಕನ್ನಡಿಯೊಳಗಿನ ಸರ್ಕ್ಯೂಟಾಗಿತ್ತು. ಐಸಿಯನ್ನು ಅಂಗಾತ ಮಲಗಿಸಿ ಬೆಸುಗೆ ಹಾಕಬೇಕಾದ ಸ್ಥಿತಿ.

ಫೆರಿಕ್ ಕ್ಲೋರೈಡಿನ ಇನ್ನೊಂದು ಗುಣವೂ ಆಗಲೇ ತಿಳಿಯಿತು. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಬೇಕು. ಸ್ಟೀಲು ಅಂದರೆ ಅದಕ್ಕೆ ಬಲು ಪ್ರೀತಿ. ನಾನು ಬಳಸಿದ್ದು ಅಟ್ಟದ ಮೇಲೆ ಸುಮ್ಮನೆ ಬಿದ್ದಿತ್ತೆಂದು ಇಳಿಸಿಕೊಂಡ ಸ್ಟೀಲಿನ ಡಬರಿ. ಅದರ ಒಳ ಅಂಚಿನಲ್ಲಿ ನಮ್ಮ ಮಾವನವರ ಹೆಸರು, ನಮ್ಮ ಮದುವೆಯ ತಾರೀಕು ಕೊರೆಸಿತ್ತು. ಈಗ ತಾರೀಕಿಲ್ಲ. ಮಾವನವರ ಹೆಸರಿನಲ್ಲಿ ಇನಿಷಿಯಲ್ ಉಳಿದಿದೆ. ಬಚ್ಚಲಿನ ಬಿಳಿ ಟೈಲ್ಸಿನ ಮೇಲೆ ತುಕ್ಕಿನ ಬಣ್ಣದ ನಕಾಶೆಯೊಂದು ಕಾಯಂ ಆಗಿ ನೆಲೆಸಿದೆ. ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಅಂಟಿದ ಮಸಿ ನನ್ನ ಬಿಳಿ ಅಂಗಿಯ ಬೆನ್ನಿಗೆ ಇಳಿದದ್ದನ್ನು ಕಚೇರಿಯಲ್ಲಿ ಸಂಜೆ ನಾಲ್ಕಕ್ಕೆ ಯಾರೋ ಹೇಳಿದರು. ನಮ್ಮನೆಯವಳು ಮೂರು ದಿನ ನನ್ನೊಡನೆ ನೇರ ಮಾತು ನಿಲ್ಲಿಸಿ, ಮಗಳ ಮೂಲಕ ಕಡತ ಕಳಿಸುತ್ತಿದ್ದಳು.

ಹಾಗಾಗಿ ಹೊರಗೆ ಮಾಡಿಸುವುದೆಂದು ತೀರ್ಮಾನವಾಯಿತು. ಗರ್ಬರ್ ಎಂಬ ಬಗೆಯ ಕಡತಗಳನ್ನು ತೆಗೆದು ಬೋರ್ಡು ತಯಾರಿಸುವವರಿಗೆ ಕಳಿಸಿದರೆ ಮಾಡಿಕೊಡುತ್ತಾರೆ. ಆ ವಿಷಯದಲ್ಲಿ ಕೀಕ್ಯಾಡಿಗೂ ಲಕ್ಷದ ತಂತ್ರಾಂಶಕ್ಕೂ ಅವರು ಭೇದ ಎಣಿಸುವುದಿಲ್ಲ. ಕನಿಷ್ಠ ಐದು ತೆಗೆದುಕೊಳ್ಳಬೇಕೆಂದರು. ಹತ್ತು ದಿನಕ್ಕೆ ಬಂದವು ನೋಡಿ! ಹಸಿರು ರೇಷ್ಮೆ ಸೀರೆಯ ಹಾಗೆ ಹೊಳಪು, ಮೂಲೆಯಲ್ಲಿ ನೆಟ್ಟಗಿನ 'ಶ್ರೀ'. ಒಂದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ. ಇನ್ನೊಂದಕ್ಕೆ ಬಿಡಿಭಾಗ ಕೂರಿಸಿ ಬೆಸುಗೆ ಹಾಕಿದೆ.

ಮೋಟರಿಗೆ ಜೋಡಿಸಲು ಕರೆಸಿದ ಎಲೆಕ್ಟ್ರಿಷಿಯನ್ ಬೋರ್ಡನ್ನು ತಿರುವಿ ನೋಡಿ, "ಸಾರ್, ಈ ಗೆರೆ ಮೇಲೆ ಒಂದು ಎಚ್.ಪಿ. ಮೋಟ್ರಾ?" ಅಂದ.

"ಯಾಕಪ್ಪಾ, ಕಂಪ್ಯೂಟರ್ ತಪಾಸಣೆ ಮಾಡಿದೆ. ಒಂದೂ ತಪ್ಪಿಲ್ಲ."

"ಕಂಪ್ಯೂಟರ್‌ಗೆ ಇದರಲ್ಲಿ ಮೋಟ್ರು ಓಡತ್ತೆ ಅಂತ ಹೇಳಿದ್ರಾ?"

ಹೇಳಿರಲಿಲ್ಲ. 230 ವೋಲ್ಟಿನ ಗೆರೆಗಳ ಮಧ್ಯೆ ಧಾರಾಳ ಜಾಗ ಬಿಡಬೇಕೆಂಬುದು ಹೇಗೋ ನೆನಪಿತ್ತು, ಬಿಟ್ಟಿದ್ದೆ. ಅಗಲದ ವಿಚಾರ ಮರೆತೇ ಹೋಗಿತ್ತು. ತಂತ್ರಾಂಶ ಮೊದಲು ಕೊಡುವ ಗೆರೆ ಕಾಲು ಮಿಲಿಮೀಟರನ್ನೂ ಮೀರುವುದಿಲ್ಲ. ಅದರ ಪಾಲಿಗೆ ಎಲ್ಇಡಿಗೆ ಹೋಗುವ ಗೆರೆಯೂ ಒಂದೇ, ಮೋಟರಿಗೆ ಹೋಗುವ ಗೆರೆಯೂ ಒಂದೇ. ಭೇದ ನಾವೇ ಬರೆದಿಡಬೇಕು. ರಾತ್ರಿ ಕೂತು ಅದರದ್ದೇ ಕ್ಯಾಲ್ಕ್ಯುಲೇಟರ್ ತೆರೆದು ಲೆಕ್ಕ ಹಾಕಿದೆ. ನಮ್ಮ ಮೋಟರ್ ಎಳೆಯುವುದು ಸುಮಾರು ಆರು ಆಂಪಿಯರ್. 35 ಮೈಕ್ರಾನಿನ ತಾಮ್ರದಲ್ಲಿ ಬಿಸಿ ಹತ್ತು ಡಿಗ್ರಿಗಿಂತ ಏರಬಾರದೆಂದರೆ ಗೆರೆ ಮೂರೂವರೆ ಮಿಲಿಮೀಟರ್ ಅಗಲ ಇರಬೇಕು. ಆ ಕ್ಯಾಲ್ಕ್ಯುಲೇಟರ್ ಮೊದಲ ದಿನದಿಂದ ಅಲ್ಲೇ ಇತ್ತು. ಲೆಕ್ಕದ ಪುಸ್ತಕ ಚೀಲದಲ್ಲೇ ಇಟ್ಟುಕೊಂಡು ಫೇಲಾದ ಹುಡುಗನ ಪರಿಸ್ಥಿತಿ. ಎಲೆಕ್ಟ್ರಿಷಿಯನ್ನೇ ಒಂದು ಕಾಂಟ್ಯಾಕ್ಟರ್ ತಂದು ಮೋಟರಿನ ಭಾರ ಅದಕ್ಕೆ ಹೊರಿಸಿ, ನನ್ನ ರಿಲೇಗೆ ಅದನ್ನು ತಟ್ಟಿ ಎಬ್ಬಿಸುವ ಹಗುರ ಕೆಲಸ ಮಾತ್ರ ಉಳಿಸಿದ.

ಶುಕ್ರವಾರ ಬೆಳಗ್ಗೆ ಪ್ರತಿಷ್ಠಾಪನೆ. ಸ್ವಿಚ್ ಹಾಕಿದೆ, ಕೆಂಪು ದೀಪ ಹತ್ತಿತು, ಕೈ ಮುಗಿದೆ. ಅಂದು ಟ್ಯಾಂಕು ತುಂಬಿ ಹರಿಯಲಿಲ್ಲ! ಎದುರುಮನೆಯ ಕಾರು ಒಣಗಿಕೊಂಡು ನಿಂತಿತ್ತು, ಅದರ ಪಕ್ಕ ನಮ್ಮ ಟ್ಯಾಂಕನ್ನೇ ದಿಟ್ಟಿಸುತ್ತಾ ಅದರ ಯಜಮಾನರು. ಎಂಟು ಗಂಟೆಯವರೆಗೂ ಒಂದು ಹನಿ ಇಲ್ಲ. ನಾನು ವರಾಂಡದಲ್ಲಿ ಪೇಪರ್ ಬಿಡಿಸಿ ಕೂತು, ಪದವಿ ಪದವಿಯೇ ಅಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಬಚ್ಚಲಿನಿಂದ, "ರೀ! ನೀರು ನಿಂತೋಯ್ತು!" ಎಂಬ ಕೂಗು. ಎಣ್ಣೆನೀರು ಹಾಕಿಕೊಳ್ಳಲು ಹೋದವಳು ತಲೆ ತುಂಬ ಸೀಗೆಪುಡಿ ಹಚ್ಚಿಕೊಂಡು ನಿಂತಿದ್ದಳು.

ಟ್ಯಾಂಕು ತುಂಬಿ ಹರಿಯದಿದ್ದುದಕ್ಕೆ ಕಾರಣ ಮೋಟರ್ ಹತ್ತದೇ ಇದ್ದದ್ದು. 555 ತನ್ನ ಆಜ್ಞೆ ಹೊರಡಿಸಿತ್ತು, ಟ್ರಾನ್ಸಿಸ್ಟರ್ ಅದನ್ನು ರಿಲೇಗೆ ಮುಟ್ಟಿಸಿರಲಿಲ್ಲ. ಎದುರುಮನೆಯಿಂದ ನಾಲ್ಕು ಬಿಂದಿಗೆ ನೀರು ಸಾಲ ತಂದೆ. ಅವರು ಕೊಟ್ಟರು; ಕೊಡುವಾಗ ತಮ್ಮ ಕಾರಿನ ಕಡೆ ಒಮ್ಮೆ ನೋಡಿದರು.

ಸಂಜೆ ಮಗಳು ಮೊಬೈಲಿನಲ್ಲಿ ಬಿಸಿ 547ರ ಡೇಟಾಶೀಟ್ ಹಿಡಿದುಕೊಂಡು ಬಂದಳು. "ಅಪ್ಪಾ, ಚಪ್ಪಟೆ ಮುಖ ನಮ್ಮ ಕಡೆ ಇಟ್ಕೊಂಡ್ರೆ ಎಡದಿಂದ ಸಿ-ಬಿ-ಇ. ನೀವು ಇ-ಬಿ-ಸಿ ಹಾಕಿದೀರ."

ಗುರುಭಕ್ತಿ ನೆನಪಿದೆಯಲ್ಲ?

"ಮತ್ತೆ ಅಷ್ಟು ತಪಾಸಣೆ ಮಾಡಿತಲ್ಲೇ ಅದು, ಹೇಳಬಾರದಿತ್ತಾ?"

"ನೀವು ಬರೆದ ನಕ್ಷೆಗೂ ನೀವು ಎಳೆದ ಗೆರೆಗೂ ತಾಳೆ ಆಗತ್ತಾ ಅಂತ ನೋಡತ್ತೆ ಅಪ್ಪಾ. ನಕ್ಷೆನೇ ತಪ್ಪಾದ್ರೆ ಅದೇನು ಮಾಡತ್ತೆ? ಬೇಕಿದ್ರೆ ಸೋರ್ಸ್ ಕೋಡ್ ಇದೆ, ನೀವೇ ಸರಿ ಮಾಡಿ."

ಹಳೆಯ ಟ್ರಾನ್ಸಿಸ್ಟರ್ ಕಿತ್ತು ಹೊಸದೊಂದನ್ನು ಬೆನ್ನು ತಿರುಗಿಸಿ ಕೂರಿಸಿದೆ. ರಿಲೇ ಟಕ್ ಎಂದಿತು. ಲೋಟದ ನೀರಿನಲ್ಲಿ ತಂತಿ ಅದ್ದಿದರೆ ಮತ್ತೆ ಟಕ್. ಅದನ್ನು ತೋರಿಸಲು ತಾರಸಿಗೆ ಓಡಿದರೆ ಟ್ಯಾಂಕಿನ ಬಳಿ ಪ್ಲಂಬರ್ ಕೂತಿದ್ದ. ನಮ್ಮನೆಯವಳು ತಲೆ ಒರೆಸಿಕೊಳ್ಳುವ ಮೊದಲೇ ಫೋನ್ ಮಾಡಿಯಾಗಿತ್ತು. ಅವನ ಫ್ಲೋಟ್ ಸ್ವಿಚ್ಚಿನಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಬುರುಡೆ, ಒಂದು ವೈರು. ಇಪ್ಪತ್ತು ನಿಮಿಷದ ಕೆಲಸ. ಅಂದಿನಿಂದ ಇವತ್ತಿನವರೆಗೆ ಟ್ಯಾಂಕು ತುಂಬಿ ಹರಿದಿಲ್ಲ, ಬರಿದೂ ಆಗಿಲ್ಲ. ಎದುರುಮನೆಯವರು ಕಾರು ತೊಳೆಯಲು ಹುಡುಗನನ್ನು ಗೊತ್ತುಮಾಡಿಕೊಂಡಿದ್ದಾರೆ.

ಐದು ಬೋರ್ಡುಗಳಲ್ಲಿ ನಾನು ಬೆಸುಗೆ ಹಾಕಿದ್ದು ಒಂದು. ಒಂದು ದೇವರ ಮನೆಯಲ್ಲೇ ಉಳಿಯಿತು. ಶ್ರೀಕಾರ ಚೆನ್ನಾಗಿದೆಯೆಂದು ಅಮ್ಮ ತೆಗೆಯಲು ಬಿಡಲಿಲ್ಲ. ಇನ್ನೊಂದರ ಮೇಲೆ ನನ್ನ ಕಾಫಿ ಲೋಟ ಕೂರುತ್ತದೆ. ಮಿಕ್ಕ ಎರಡು ಹೊಚ್ಚ ಹೊಸದಾಗಿವೆ. ನಿಮ್ಮ ಮನೆಯ ಟ್ಯಾಂಕು ತುಂಬಿ ಹರಿಯುತ್ತಿದ್ದರೆ ಬಂದು ತೆಗೆದುಕೊಂಡು ಹೋಗಿ, ದುಡ್ಡೇನೂ ಬೇಡ. ಟ್ರಾನ್ಸಿಸ್ಟರನ್ನು ಮಾತ್ರ ತಿರುಗಿಸಿ ಹಾಕಿಕೊಳ್ಳಿ.